ವಯಸ್ಸಿನ ತಲೆಗೆ ಕಟ್ಟಬಾರದ ಬದಲಾವಣೆಗಳು: ದೊಡ್ಡಮ್ಮನ ಕಾಯಿಲೆ ಗೊತ್ತಾದ ಬಗೆ

ನನ್ನ ತಾಯಿಯ ಅಕ್ಕ ಮಂಡ್ಯದ ಕಲ್ಲಹಳ್ಳಿಯಲ್ಲಿ ತಮ್ಮ ಸ್ವಂತ ಮನೆಯಲ್ಲಿ ಒಬ್ಬರೇ ಇದ್ದಾರೆ. ವಯಸ್ಸು 78. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ದೊಡ್ಡಪ್ಪ ತೀರಿಕೊಂಡು ಬಹಳ ವರ್ಷಗಳಾದವು, ಒಬ್ಬನೇ ಮಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಮೈಸೂರಿನ ಕುವೆಂಪುನಗರದಲ್ಲಿರುವ ನಾನೇ ಅವರಿಗೆ ಹತ್ತಿರದಲ್ಲಿರುವ ಸಂಬಂಧಿ. ಕಳೆದ ಗೌರಿ ಹಬ್ಬದಿಂದ ಈ ಸಂಕ್ರಾಂತಿಯವರೆಗೆ ಅವರ ಆರೋಗ್ಯದ ವಿಚಾರದಲ್ಲಿ ನಾವು ಹಾದುಬಂದದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಮನೆಯ ಹಿರಿಯರು ಏಕೋ ಮೊದಲಿನಂತಿಲ್ಲ ಎಂದು ಅನ್ನಿಸಿಯೂ ಏನು ಮಾಡಬೇಕೆಂದು ತಿಳಿಯದೆ ಇರುವವರಿಗೆ ಇದರಿಂದ ಸ್ವಲ್ಪ ದಾರಿ ಕಂಡರೆ ಸಾಕು.

ಮೊದಲು ಬದಲಾದದ್ದು ಫೋನಿನ ಮಾತು. ದೊಡ್ಡಮ್ಮ ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು. ಮಳೆಗಾಲ ಬಂದರೆ ಕನ್ನಂಬಾಡಿ ಕಟ್ಟೆಯ ನೀರು ಎಷ್ಟು ಅಡಿಗೆ ಬಂತು, ಒಳಹರಿವು ಎಷ್ಟು, ಕಟ್ಟೆ ಭರ್ತಿಯಾಗುವ 124.80 ಅಡಿ ಮುಟ್ಟುವುದಕ್ಕೆ ಇನ್ನೆಷ್ಟು ದಿನ ಬೇಕಾದೀತು ಎಂದು ಸಂಜೆಯ ಫೋನಿನಲ್ಲಿ ತಾವಾಗಿಯೇ ಹೇಳುತ್ತಿದ್ದರು. ಹೋದ ಮಳೆಗಾಲದಲ್ಲಿ ಆ ಮಾತೇ ಬರಲಿಲ್ಲ. ನಾನಾಗಿ ಕೇಳಿದರೆ, ‘ನೋಡ್ಲಿಲ್ಲ ಕಣವ್ವ’ ಎಂದು ಸುಮ್ಮನಾಗುತ್ತಿದ್ದರು. ಮಗಳ ಪರೀಕ್ಷೆ ಮುಗಿಯಿತೇ ಎಂದು ಕೇಳಿ, ನಾನು ಉತ್ತರ ಹೇಳಿ ಬೇರೆ ಮಾತಿಗೆ ಹೋಗುವಷ್ಟರಲ್ಲಿ ಅದನ್ನೇ ಮತ್ತೆ ಕೇಳುತ್ತಿದ್ದರು. ಅದೇ ಹೊತ್ತಿನಲ್ಲಿ ಟಿ.ವಿ.ಯ ಸದ್ದು ಫೋನಿನಲ್ಲಿ ನನಗೇ ಕಿವಿಗಡಚಿಕ್ಕುವಷ್ಟು ಜೋರಾಗಿ ಕೇಳತೊಡಗಿತು. ಒಂದೊಂದನ್ನೇ ತೆಗೆದುಕೊಂಡರೆ ಇವು ಯಾವುವೂ ಕಾಯಿಲೆಯಲ್ಲ. ಆದರೆ ಇಡೀ ಜೀವಮಾನ ಒಂದು ರೀತಿಯಲ್ಲಿ ಇದ್ದವರು ಕೆಲವೇ ತಿಂಗಳಲ್ಲಿ ಇನ್ನೊಂದು ರೀತಿ ಆದರೆ ಅದಕ್ಕೊಂದು ಕಾರಣ ಇರಲೇಬೇಕು ಎಂದು ನನಗೆ ಅಂದೇ ಅನ್ನಿಸಿತ್ತು.

ಗೌರಿ ಹಬ್ಬಕ್ಕೆ ಬಾಗಿನ ಕೊಡಲೆಂದು ಹೋದಾಗ ಮನೆಯನ್ನು ಕಣ್ಣಿಟ್ಟು ನೋಡಿದೆ. ಕುಪ್ಪಸದ ಎರಡೂ ಭುಜಗಳಲ್ಲಿ ಬಟ್ಟೆಯನ್ನು ಒಳಕ್ಕೆ ಮಡಿಸಿ ಪಿನ್ನು ಹಾಕಿಕೊಂಡಿದ್ದರು. ಕೈ ಎತ್ತಿದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಫ್ರಿಜ್ಜಿನಲ್ಲಿ ಒಡೆಯದ ಮೊಸರಿನ ಪ್ಯಾಕೆಟ್ಟುಗಳು ದಿನಾಂಕ ಮೀರಿ ಉಬ್ಬಿಕೊಂಡಿದ್ದವು, ಹಾಲಿನ ಪಾತ್ರೆಯ ತಳ ಸೀದು ಕಪ್ಪಾಗಿತ್ತು. ಇವೆಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಲಗುವ ಕೋಣೆಯಿಂದ ಬಚ್ಚಲಿಗೆ ಹೋಗುವ ಓಣಿಯ ಗೋಡೆ. ಸುಣ್ಣದ ಬಿಳಿಯ ಮೇಲೆ ಸೊಂಟದೆತ್ತರಕ್ಕೆ, ಒಂದೇ ಮಟ್ಟದಲ್ಲಿ, ಎಣ್ಣೆಗೈ ಹಿಡಿದ ಕಂದು ಗುರುತು ಕೋಣೆಯ ಬಾಗಿಲಿನಿಂದ ಬಚ್ಚಲ ಬಾಗಿಲಿನವರೆಗೆ ಪಟ್ಟಿ ಎಳೆದಂತೆ ಇತ್ತು. ದೊಡ್ಡಮ್ಮ ಗೋಡೆ ಹಿಡಿದು ನಡೆಯಲು ತೊಡಗಿ ಬಹಳ ದಿನಗಳಾಗಿದ್ದವು, ಯಾರಿಗೂ ಹೇಳಿರಲಿಲ್ಲ. ಕೇಳಿದ್ದಕ್ಕೆ, ಕಾಲು ಜೋಮು ಹಿಡಿದ ಹಾಗಿರುತ್ತದೆ, ನೆಲ ಮೆತ್ತಗಾದ ಹಾಗೆ ಅನ್ನಿಸುತ್ತದೆ ಎಂದರು.

ಅವರಿಗೆ ದಿನದ ಖರ್ಚು ಬರೆದಿಡುವ ಅಭ್ಯಾಸವಿದೆ. ಆ ಪುಸ್ತಕವನ್ನು ಅವರ ಒಪ್ಪಿಗೆ ಪಡೆದು ನೋಡಿದೆ. ಯುಗಾದಿಯವರೆಗೂ ಮೇಷ್ಟರ ಗುಂಡು ಅಕ್ಷರ, ಸಾಲು ತಪ್ಪದ ಲೆಕ್ಕ. ಆಷಾಢದ ಹೊತ್ತಿಗೆ ಅಕ್ಷರ ಓರೆಯಾಗಿ, ಒಂದೇ ದಿನದಲ್ಲಿ ಹಾಲಿನ ದುಡ್ಡು ಎರಡು ಸಲ ಬರೆದು, ನಡುವೆ ವಾರಗಟ್ಟಲೆ ಪುಟ ಖಾಲಿ. ಮಾತ್ರೆಯ ಡಬ್ಬಿಯಲ್ಲಿ ಇನ್ನೊಂದು ವಿಚಾರ ಸಿಕ್ಕಿತು. ಸಕ್ಕರೆ ಕಾಯಿಲೆಗೆ ಬೇರೆ ಬೇರೆ ವೈದ್ಯರು ಬರೆದುಕೊಟ್ಟ ಎರಡು ಹೆಸರಿನ ಮಾತ್ರೆಗಳಿದ್ದವು. ಹೊದಿಕೆಯ ಹಿಂದಿನ ಸಣ್ಣಕ್ಷರ ಓದಿದರೆ ಎರಡರಲ್ಲಿಯೂ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಇತ್ತು. ಕಂಪನಿ ಬೇರೆ, ಬಣ್ಣ ಬೇರೆ, ಔಷಧಿ ಒಂದೇ. ಬಿ.ಪಿ.ಗೆ ಕೊಟ್ಟಿದ್ದ ಮಾತ್ರೆಯಲ್ಲಿ ಮೂತ್ರ ಹೆಚ್ಚು ಮಾಡುವ ಹೈಡ್ರೋಕ್ಲೋರೋಥಯಜೈಡ್ ಕೂಡ ಸೇರಿತ್ತು. ಅದರ ಮಹತ್ವ ಏನೆಂಬುದು ಆಮೇಲೆ ಆಸ್ಪತ್ರೆಯಲ್ಲಿ ತಿಳಿಯಿತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಹಿರಿಯರನ್ನು ಅವರ ವಯಸ್ಸಿನ ಬೇರೆಯವರ ಜೊತೆ ಹೋಲಿಸಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಎದುರು ಮನೆಯ ಅಜ್ಜಿ 85ಕ್ಕೆ ಮುದ್ದೆ ತೊಳಸುತ್ತಾರೆ, ಇನ್ನೊಬ್ಬರು 70ಕ್ಕೇ ಹಾಸಿಗೆ ಹಿಡಿದಿರುತ್ತಾರೆ. ನೋಡಬೇಕಾದದ್ದು ಅವರದೇ ಹೋದ ವರ್ಷದ ರೀತಿಗೂ ಈ ವರ್ಷದ ರೀತಿಗೂ ಏನು ವ್ಯತ್ಯಾಸವಾಗಿದೆ ಎಂಬುದನ್ನು. ಬಿಡದೆ ದೇವಸ್ಥಾನಕ್ಕೆ ಹೋಗುತ್ತಿದ್ದವರು ನಿಲ್ಲಿಸಿದ್ದಾರೆಯೇ, ದಿನಾ ತಲೆ ಬಾಚಿ ಹೂ ಮುಡಿಯುತ್ತಿದ್ದವರು ಮಾಸಿದ ಸೀರೆಯಲ್ಲಿಯೇ ಇರುತ್ತಾರೆಯೇ, ಸಾರಿಗೆ ಉಪ್ಪು ಹದವಾಗಿ ಹಾಕುತ್ತಿದ್ದ ಕೈ ಈಗ ತಪ್ಪುತ್ತಿದೆಯೇ, ಕುರ್ಚಿಯಿಂದ ಏಳುವಾಗ ಎರಡೂ ಕೈ ಊರುತ್ತಾರೆಯೇ, ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತಾರೆ, ಬಿದ್ದದ್ದನ್ನು ಮುಚ್ಚಿಡುತ್ತಿದ್ದಾರೆಯೇ. ಪಥ್ಯ ಮಾಡದೆಯೇ ಆರು ತಿಂಗಳಿಂದ ಒಂದು ವರ್ಷದೊಳಗೆ ದೇಹದ ತೂಕದಲ್ಲಿ ನೂರಕ್ಕೆ ಐದರಷ್ಟು ಇಳಿದರೆ ಅದನ್ನು ವೈದ್ಯರು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ. 60 ಕಿಲೋ ಇದ್ದವರಿಗೆ ಅದು ಬರೀ 3 ಕಿಲೋ. ದೊಡ್ಡಮ್ಮ ಅದಕ್ಕಿಂತ ಹೆಚ್ಚು ಇಳಿದಿದ್ದರು.

ಆ ಹಬ್ಬದ ದಿನದಿಂದಲೇ ಕಂಡದ್ದನ್ನೆಲ್ಲ ದಿನಾಂಕ ಹಾಕಿ ಒಂದು ನೋಟ್ ಪುಸ್ತಕದಲ್ಲಿ ಬರೆಯಲು ತೊಡಗಿದೆ. ನಾಲ್ಕೂವರೆ ತಿಂಗಳಲ್ಲಿ ನಮಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಪುಸ್ತಕವೇ. ವೈದ್ಯರ ಎದುರಿಗೆ ಕೂತಾಗ ‘ಸುಸ್ತು ಅಂತಾರೆ, ಮರೆವು ಜಾಸ್ತಿಯಾಗಿದೆ’ ಎಂದರೆ ಅವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಯಾವುದು ಯಾವಾಗ ಆರಂಭವಾಯಿತು, ಬೆಳಿಗ್ಗೆ ಹೆಚ್ಚೋ ಸಂಜೆ ಹೆಚ್ಚೋ, ಯಾವ ಹೊಸ ಮಾತ್ರೆ ಆರಂಭಿಸಿದ ಮೇಲೆ ಬಂತು ಎಂಬುದನ್ನು ಹೇಳಿದರೆ ಅವರು ಪೆನ್ನು ಕೆಳಗಿಟ್ಟು ಕೇಳುತ್ತಾರೆ.

ದೊಡ್ಡಮ್ಮನನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ‘ನಂಗೇನಾಗಿದೆ ಕಣವ್ವ, ಚೆನ್ನಾಗೇ ಇವ್ನಿ’ ಎಂಬ ಒಂದೇ ಮಾತು. ನೆಂಟರೂ ಅದಕ್ಕೆ ತಕ್ಕಂತೆ, ಅರವತ್ತಕ್ಕೆ ಅರಳುಮರುಳು ಅಂತಾರೆ, ಇವರಿಗೆ ಎಂಬತ್ತು ಹತ್ತಿರ, ಸುಮ್ಮನೆ ಯಾಕೆ ಆಸ್ಪತ್ರೆಗೆ ಅಲೆಸುತ್ತೀಯೆ ಎಂದರು. ಪುಣೆಯ ಅಣ್ಣನಿಗೆ ವಿಡಿಯೊ ಕರೆಯಲ್ಲಿ ಅಮ್ಮ ನಗುನಗುತ್ತಾ ಕಾಣುತ್ತಿದ್ದುದರಿಂದ ಅವನಿಗೆ ನನ್ನ ಆತಂಕ ಅತಿಯೆನಿಸಿತು. ಹತ್ತು ನಿಮಿಷದ ಕರೆಯಲ್ಲಿ ಹಿರಿಯರು ತಮ್ಮನ್ನು ಸಾವರಿಸಿಕೊಂಡುಬಿಡುತ್ತಾರೆ. ಗೋಡೆಯ ಗುರುತು ಕ್ಯಾಮೆರಾಕ್ಕೆ ಬೀಳುವುದಿಲ್ಲ. ನಾನು ಖರ್ಚಿನ ಪುಸ್ತಕದ ಎರಡು ಪುಟಗಳ ಚಿತ್ರ ತೆಗೆದು, ಯುಗಾದಿಯದೊಂದು ಆಷಾಢದ್ದೊಂದು, ಅವನಿಗೆ ಕಳುಹಿಸಿದೆ. ಆ ರಾತ್ರಿಯೇ ಅವನು ಫೋನು ಮಾಡಿ ಯಾವ ವೈದ್ಯರಿಗೆ ತೋರಿಸೋಣ ಎಂದು ಕೇಳಿದ. ದೊಡ್ಡಮ್ಮನಿಗೆ ಮಾತ್ರ ಸುಳ್ಳು ಹೇಳಿ ಕರೆದೊಯ್ಯಬಾರದು ಎಂದು ನಿಶ್ಚಯಿಸಿದ್ದೆ. ‘ನಿಮಗೆ ಮರೆವು ಬಂದಿದೆ’ ಎಂದರೆ ಯಾರಿಗಾದರೂ ಅವಮಾನವಾಗುತ್ತದೆ. ‘ಕಾಲು ಜೋಮು ಅಂತೀರಲ್ಲ ದೊಡ್ಡಮ್ಮ, ಅದನ್ನ ತೋರಿಸೋಣ, ನನ್ನ ಸಮಾಧಾನಕ್ಕಾದ್ರೂ ಬನ್ನಿ’ ಎಂದೆ. ಅವರಿಗೆ ನಿಜವಾಗಿ ತೊಂದರೆ ಕೊಡುತ್ತಿದ್ದುದು ಅದೇ ಆದ್ದರಿಂದ ಒಪ್ಪಿದರು.

ದಸರೆಯ ನಂತರ ಮಂಡ್ಯದ ಒಂದು ಕ್ಲಿನಿಕ್ಕಿನಲ್ಲಿ ತೋರಿಸಿದೆವು. ಟೋಕನ್ ತೆಗೆದುಕೊಂಡು ಮಧ್ಯಾಹ್ನದವರೆಗೆ ಕಾದು ಒಳಗೆ ಹೋದರೆ ಮಾತು ಬೇಗ ಮುಗಿಯಿತು. ವಯಸ್ಸಾಗಿದೆ, ನಿಶ್ಶಕ್ತಿ ಎಂದು ಟಾನಿಕ್ ಬರೆದರು. ನಾನು ಮಾತ್ರೆಯ ಡಬ್ಬಿಯನ್ನೇ ಮೇಜಿನ ಮೇಲಿಟ್ಟ ಮೇಲೆ ಸಕ್ಕರೆ ಕಾಯಿಲೆಯ ಎರಡು ಮಾತ್ರೆಗಳಲ್ಲಿ ಒಂದನ್ನು ನಿಲ್ಲಿಸಲು ಹೇಳಿದರು. ಅಲ್ಲಿಂದ ಹೊರಬಂದ ಮೇಲೆ ಮೈಸೂರಿನಲ್ಲಿ ಒಬ್ಬ ತಜ್ಞ ವೈದ್ಯರ ಭೇಟಿಗೆ ಹೆಸರು ಬರೆಸಿದೆ, ದಿನ ಸಿಕ್ಕಿದ್ದು ಕಾರ್ತಿಕ ಕಳೆದ ಮೇಲೆ. ಈ ನಡುವೆ ಯಾರೂ ಎಣಿಸದ ಒಂದು ತೊಡಕು ಬಂತು. ನಿಲ್ಲಿಸಿದ ಮಾತ್ರೆಯನ್ನು ನಾನು ಡಬ್ಬಿಯಿಂದ ತೆಗೆದಿದ್ದೆ. ಆದರೆ ತಿಂಗಳಿಗೊಮ್ಮೆ ಮನೆಗೇ ಔಷಧಿ ತಲುಪಿಸುತ್ತಿದ್ದ ಮೆಡಿಕಲ್ ಶಾಪಿನವರು ಹಳೆಯ ಚೀಟಿಯ ಪ್ರಕಾರ ಎರಡನ್ನೂ ಮತ್ತೆ ಕೊಟ್ಟು ಹೋದರು, ದೊಡ್ಡಮ್ಮ ಎಂದಿನಂತೆ ಎರಡನ್ನೂ ನುಂಗಿದರು. ಮಾತ್ರೆ ಬದಲಾದಾಗ ಮನೆಯ ಡಬ್ಬಿಯ ಜೊತೆಗೆ ಅಂಗಡಿಯಲ್ಲಿರುವ ಹಳೆಯ ಚೀಟಿಯನ್ನೂ ಬದಲಾಯಿಸಬೇಕು.

ಊಟ ಅರ್ಧಕ್ಕಿಳಿದು, ಸಕ್ಕರೆ ಇಳಿಸುವ ಮಾತ್ರೆ ಎರಡರಷ್ಟಾದರೆ ಆಗಬೇಕಾದದ್ದೇ ಆಯಿತು. ಒಂದು ಬೆಳಗಿನ ಜಾವ ಪಕ್ಕದ ಮನೆಯಾಕೆ ಫೋನು ಮಾಡಿ, ‘ಟೀಚರಮ್ಮ ಒಂಥರಾ ಆಡ್ತಾವ್ರೆ ಕಣಕ್ಕ, ಮೈಯೆಲ್ಲ ಬೆವರು, ನನ್ನೇ ಯಾರು ಅಂತ ಕೇಳ್ತಾವ್ರೆ’ ಎಂದರು. ದೊಡ್ಡಮ್ಮನ ಮನೆಯಲ್ಲಿದ್ದ ಗ್ಲೂಕೋಮೀಟರನ್ನು ಬಳಸುವುದು ಹೇಗೆಂದು ದಸರೆಯ ಸಮಯದಲ್ಲಿಯೇ ಪಕ್ಕದ ಮನೆಯಾಕೆಗೆ ತೋರಿಸಿಕೊಟ್ಟಿದ್ದೆ. ಚುಚ್ಚಿ ನೋಡಿದರೆ 46. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೇ ಅದು ಕಡಿಮೆ. ನುಂಗಲು ಆಗುತ್ತಿದ್ದುದರಿಂದ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಲು ಹೇಳಿದೆ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು, ಶ್ವಾಸಕೋಶಕ್ಕೆ ಇಳಿಯುತ್ತದೆ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದಾಗ 80 ದಾಟಿತ್ತು. ಆದರೂ 108ಕ್ಕೆ ಕರೆ ಮಾಡಿಸಿ ಆಸ್ಪತ್ರೆಗೆ ಕಳುಹಿಸಿದೆವು, ಏಕೆಂದರೆ ಗ್ಲಿಮೆಪಿರೈಡ್‌ನಂಥ ಮಾತ್ರೆಯ ಪ್ರಭಾವ ಬಹಳ ಹೊತ್ತು ಉಳಿಯುವುದರಿಂದ ಏರಿದ ಸಕ್ಕರೆ ಮತ್ತೆ ಕುಸಿಯುವುದುಂಟು. ನಾನು ಮೈಸೂರಿನಿಂದ ಹೊರಟು ಮಂಡ್ಯ ಸೇರುವಷ್ಟರಲ್ಲಿ ಡ್ರಿಪ್ ಹಾಕಿದ್ದರು.

ಸಕ್ಕರೆ ಸರಿಹೋದ ಮೇಲೂ ದೊಡ್ಡಮ್ಮನ ಗೊಂದಲ ಕಳೆಯಲಿಲ್ಲ. ನನ್ನನ್ನು ನನ್ನ ಅಮ್ಮನ ಹೆಸರಿನಿಂದ ಕರೆಯುತ್ತಿದ್ದರು. ಆಗ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಸೋಡಿಯಂ, ಅಂದರೆ ರಕ್ತದಲ್ಲಿರುವ ಉಪ್ಪಿನಂಶ, 119 ಎಂದು ಬಂತು; ಇರಬೇಕಾದದ್ದು 135ರಿಂದ 145. ಮೈಸೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಅಲ್ಲಿನ ವೈದ್ಯರು ನನ್ನ ನೋಟ್ ಪುಸ್ತಕವನ್ನೂ ಮಾತ್ರೆಯ ಡಬ್ಬಿಯನ್ನೂ ತರಿಸಿಕೊಂಡು ಒಂದೊಂದನ್ನೇ ಓದಿದರು. ಬಿ.ಪಿ. ಮಾತ್ರೆಯಲ್ಲಿದ್ದ ಮೂತ್ರ ಹೆಚ್ಚಿಸುವ ಅಂಶ ವಯಸ್ಸಾದವರಲ್ಲಿ, ಅದರಲ್ಲಿಯೂ ಊಟ ಕಡಿಮೆಯಾದ ಹೆಂಗಸರಲ್ಲಿ, ಸೋಡಿಯಂ ಇಳಿಸುವುದು ಅಪರೂಪವೇನಲ್ಲವಂತೆ. ಹಸಿವಿಲ್ಲದಿರುವುದು, ತೂರಾಡುವ ನಡಿಗೆ, ಮಂಕು, ಮರೆವು ಎಲ್ಲವೂ ಅದರಿಂದ ಬರಬಹುದು. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ವಿಟಮಿನ್ ಕಡಿಮೆಯಾಗಬಹುದು ಎಂದು ಅದನ್ನೂ ಪರೀಕ್ಷಿಸಿದರು. ತೀರಾ ಕಡಿಮೆಯಿತ್ತು. ಕಾಲಿನ ಜೋಮಿಗೂ ನೆಲ ಮೆತ್ತಗಾದಂತೆ ಅನ್ನಿಸುವುದಕ್ಕೂ ಅದು ಕಾರಣ. ಥೈರಾಯ್ಡ್ ಸರಿಯಾಗಿತ್ತು. ಮೆದುಳಿನ ಸ್ಕ್ಯಾನ್‌ನಲ್ಲಿ ರಕ್ತಸ್ರಾವವಾಗಲಿ ಗಡ್ಡೆಯಾಗಲಿ ಇರಲಿಲ್ಲ. ಎಲ್ಲರೂ ಮುಪ್ಪು ಎಂದು ಕೈಚೆಲ್ಲಿದ್ದ ಸ್ಥಿತಿಯ ಬಹುಪಾಲು, ಮಾತ್ರೆ ಬದಲಾಯಿಸಿ ಚುಚ್ಚುಮದ್ದು ಕೊಟ್ಟರೆ ಸರಿಹೋಗುವಂಥದ್ದಾಗಿತ್ತು.

ಸೋಡಿಯಂ ಏರಿಸಲು ಏಕಿಷ್ಟು ದಿನ ಎಂದು ನಾವು ಚಡಪಡಿಸುತ್ತಿದ್ದಾಗ ವೈದ್ಯರು ವಿವರಿಸಿದರು. ಬಹಳ ದಿನಗಳಿಂದ ಕಡಿಮೆಯಿದ್ದದ್ದನ್ನು ಒಂದೇ ಏಟಿಗೆ ಏರಿಸಿದರೆ ಮೆದುಳಿಗೆ ಗುಣವಾಗದ ಹಾನಿ ಆಗಬಹುದು, ಆದ್ದರಿಂದ 24 ಗಂಟೆಗೆ ಎಂಟು ಹತ್ತು ಅಂಕಕ್ಕಿಂತ ಹೆಚ್ಚು ಏರದ ಹಾಗೆ ಮತ್ತೆ ಮತ್ತೆ ರಕ್ತ ತೆಗೆದು ನೋಡುತ್ತಾ ಹೋಗುತ್ತಾರೆ. ಇದು ಗೊತ್ತಿದ್ದರೆ ಆ ಕಾಯುವಿಕೆಯನ್ನು ಸಹಿಸಿಕೊಳ್ಳಬಹುದು.

ಆಸ್ಪತ್ರೆಯ ರಾತ್ರಿಗಳು ಮಾತ್ರ ಬಹಳ ಕಷ್ಟದವು. ಹಗಲು ಸುಮಾರಾಗಿರುತ್ತಿದ್ದ ದೊಡ್ಡಮ್ಮ ಕತ್ತಲಾದೊಡನೆ ಡ್ರಿಪ್ಪಿನ ಸೂಜಿ ಕಿತ್ತುಕೊಂಡು, ಶಾಲೆಗೆ ಹೊತ್ತಾಯಿತು ಎಂದು ಎದ್ದು ನಿಲ್ಲುತ್ತಿದ್ದರು, ತೀರಿಹೋದ ದೊಡ್ಡಪ್ಪನಿಗೆ ಊಟ ಬಡಿಸಬೇಕು ಎನ್ನುತ್ತಿದ್ದರು. ಆ ಹೊತ್ತಿನಲ್ಲಿ ನನಗಾದ ಭಯವನ್ನು ಹೇಳಲಾರೆ. ನಮ್ಮ ದೊಡ್ಡಮ್ಮ ಇನ್ನು ಮರಳಿ ಬರುವುದಿಲ್ಲವೇನೋ ಎಂದೇ ಅನ್ನಿಸಿತ್ತು. ಇದು ಬುದ್ಧಿಭ್ರಮಣೆಯ ಕಾಯಿಲೆಯಲ್ಲ, ದೇಹದೊಳಗೆ ಏನೋ ಕೆಟ್ಟಾಗ ವಯಸ್ಸಾದವರ ಮೆದುಳು ಹೀಗೆ ತಾತ್ಕಾಲಿಕವಾಗಿ ಗಲಿಬಿಲಿಗೊಳ್ಳುತ್ತದೆ, ಮೂಲ ಸರಿಹೋದಂತೆ ಇದೂ ಇಳಿಯುತ್ತದೆ ಎಂದು ನರ್ಸ್ ಒಬ್ಬರು ಸಮಾಧಾನ ಹೇಳಿದರು. ಕನ್ನಡಕ ಹಾಕಿಸಿ, ಎದುರಿಗೆ ಕಾಣುವಂತೆ ಗಡಿಯಾರವಿಟ್ಟು, ಹಗಲು ಕಿಟಕಿಯ ಪರದೆ ಸರಿಸಿ ಬೆಳಕು ಬಿಟ್ಟು, ರಾತ್ರಿ ಮನೆಯವರೊಬ್ಬರು ಕೈಹಿಡಿದು ಪರಿಚಿತ ದನಿಯಲ್ಲಿ ಮಾತಾಡಿದರೆ ಗಲಿಬಿಲಿ ಕಡಿಮೆಯಾಗುತ್ತದೆ ಎಂದೂ ಹೇಳಿಕೊಟ್ಟರು. ಹಾಗೆಯೇ ಮಾಡಿದೆವು, ಸೋಡಿಯಂ 130ರ ಹತ್ತಿರ ಬರುವ ಹೊತ್ತಿಗೆ ರಾತ್ರಿಗಳು ಶಾಂತವಾದವು. ನಿನ್ನೆ ಮೊನ್ನೆಯವರೆಗೆ ಸರಿಯಿದ್ದವರು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಗೊಂದಲಗೊಂಡರೆ ಅದು ತುರ್ತು ಸ್ಥಿತಿಯೆಂದೇ ತಿಳಿಯಬೇಕು. ಮೂತ್ರದ ಸೋಂಕು ಅಥವಾ ನ್ಯುಮೋನಿಯಾ ಆದಾಗಲೂ ವಯಸ್ಸಾದವರಿಗೆ ಜ್ವರ ಕಾಣಿಸದೆ ಮೊದಲು ಗೊಂದಲವೇ ಕಾಣಿಸಬಹುದು. ಬಾಯಿ ಒಂದು ಕಡೆಗೆ ಸೊಟ್ಟಗಾಗಿ, ಒಂದು ಕೈ ಎತ್ತಲಾಗದೆ, ಮಾತು ತೊದಲಿದರೆ ಅದು ಪಾರ್ಶ್ವವಾಯು. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಕಾಶ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಮಾತ್ರ, ಆದ್ದರಿಂದ ಬೆಳಗಾಗಲಿ ಎಂದು ಕಾಯಬಾರದು.

ಖರ್ಚಿನ ಮಾತು. ದಾಖಲಾಗುವಾಗ 25,000 ರೂಪಾಯಿ ಮುಂಗಡ ಕಟ್ಟಿಸಿಕೊಂಡರು. ಸ್ಕ್ಯಾನ್, ಪದೇ ಪದೇ ರಕ್ತಪರೀಕ್ಷೆ, ಔಷಧಿ ಎಲ್ಲ ಸೇರಿ ಒಟ್ಟು 80,000ದ ಆಸುಪಾಸು ಆಯಿತು, ಅಣ್ಣನೂ ನಾನೂ ಹಂಚಿಕೊಂಡೆವು. ದೊಡ್ಡಮ್ಮನಿಗೆ ಆರೋಗ್ಯ ವಿಮೆ ಇರಲಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ತುರ್ತು ಚಿಕಿತ್ಸೆ ಬಿಟ್ಟು ಉಳಿದದ್ದಕ್ಕೆ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ಆಸ್ಪತ್ರೆ ಆ ಯೋಜನೆಗೆ ಸೇರಿದೆಯೇ ಎಂದು ಸೇರಿಸುವ ಮೊದಲೇ ಕೌಂಟರಿನಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಆಧಾರ್, ರೇಷನ್ ಕಾರ್ಡ್, ಹಳೆಯ ರಕ್ತಪರೀಕ್ಷೆಗಳ ವರದಿ, ಮಾತ್ರೆಗಳ ಪಟ್ಟಿ, ಅಲರ್ಜಿ ಇದ್ದರೆ ಅದರ ಚೀಟಿ, ಇವುಗಳ ಜೆರಾಕ್ಸ್ ಪ್ರತಿಗಳನ್ನು ಒಂದು ಫೈಲಿನಲ್ಲಿ ಹಾಕಿ ಹಿರಿಯರ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ ಇಡಿ. ನಾವು ಬರುವವರೆಗೆ ಪಕ್ಕದ ಮನೆಯಾಕೆ ಆಂಬುಲೆನ್ಸಿನವರ ಕೈಗೆ ಕೊಟ್ಟದ್ದು ಅಂಥ ಒಂದು ಫೈಲನ್ನೇ.

ಮನೆಗೆ ಕಳುಹಿಸುವ ದಿನ ಬಿಲ್ಲು ಚುಕ್ತಾ ಮಾಡಿ ಡಿಸ್ಚಾರ್ಜ್ ಪತ್ರ ಕೈಗೆ ಬರುವಷ್ಟರಲ್ಲಿ ಸಂಜೆಯಾಯಿತು. ಅಲ್ಲಿಯೇ ನಿಂತು ಸಾಲು ಸಾಲಾಗಿ ಓದಿದೆ. ನಿಲ್ಲಿಸಬೇಕೆಂದು ವೈದ್ಯರು ಬಾಯಲ್ಲಿ ಹೇಳಿದ್ದ ಹಳೆಯ ಬಿ.ಪಿ. ಮಾತ್ರೆ ಆ ಪತ್ರದ ಪಟ್ಟಿಯಲ್ಲಿ ಮತ್ತೆ ಬಂದಿತ್ತು. ದಾಖಲಾಗುವಾಗ ಬರೆದುಕೊಂಡ ಪಟ್ಟಿಯನ್ನೇ ಯಾರೋ ಹಾಗೆಯೇ ಟೈಪ್ ಮಾಡಿದ್ದರು. ಡ್ಯೂಟಿ ಡಾಕ್ಟರನ್ನು ಕಂಡು ಆ ಸಾಲನ್ನು ಹೊಡೆದು ಹಾಕಿಸಿ, ಸಹಿ ಮೊಹರು ಹಾಕಿಸಿಕೊಂಡೆ. ಕಾರು ಕಾಯುತ್ತಿದೆ, ರೋಗಿ ಸುಸ್ತಾಗಿದ್ದಾರೆ ಎಂಬ ಅವಸರದಲ್ಲಿ ಆ ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಬಿಡುವುದು ಸಹಜ, ಆದರೂ ದಯವಿಟ್ಟು ಓದಿ. ಯಾವುದು ಹೊಸದು, ಯಾವುದು ನಿಂತಿತು, ಯಾವುದರ ಪ್ರಮಾಣ ಬದಲಾಯಿತು ಎಂದು ಕೇಳಿ ಬರೆದುಕೊಳ್ಳಿ. ಸಕ್ಕರೆಯ ಅಂಕವನ್ನು ಯುವಕರಷ್ಟು ಬಿಗಿಯಾಗಿ ಇಳಿಸುವ ಅಗತ್ಯ ದೊಡ್ಡಮ್ಮನಿಗಿಲ್ಲ, ಅವರಿಗೆ ಕುಸಿತವೇ ಹೆಚ್ಚು ಅಪಾಯ ಎಂದು ವೈದ್ಯರು ಗ್ಲಿಮೆಪಿರೈಡನ್ನು ಪೂರ್ತಿ ತೆಗೆದಿದ್ದರು.

ಇಷ್ಟಾದ ಮೇಲೆ ಬಂದ ತೊಂದರೆ ಬ್ಯಾಂಕಿನದು. ಪಿಂಚಣಿ ಬರಲಿಲ್ಲ. ವಿಚಾರಿಸಿದರೆ ಪಿಂಚಣಿದಾರರು ಬದುಕಿದ್ದಾರೆಂದು ನವೆಂಬರಿನಲ್ಲಿ ಕೊಡಬೇಕಾದ ಲೈಫ್ ಸರ್ಟಿಫಿಕೇಟ್ ಕೊಟ್ಟಿರಲಿಲ್ಲ. ಯಾವ ವರ್ಷವೂ ಮೊದಲ ವಾರವೇ ಹೋಗಿ ಕೊಟ್ಟುಬರುತ್ತಿದ್ದವರು ಅವರು. ನಡೆದಾಡಲಾಗದವರನ್ನು ಕರೆದುಕೊಂಡು ಹೋದೆವು, ಬೆರಳಚ್ಚು ಯಂತ್ರ ಅವರ ಸವೆದ ಬೆರಳನ್ನು ಹಿಡಿಯಲಿಲ್ಲ, ಮತ್ತೊಂದು ದಿನ ಬನ್ನಿ ಎಂದರು. 2021ರಿಂದ ಮೊಬೈಲಿನಲ್ಲಿಯೇ ಮುಖ ತೋರಿಸಿ ಡಿಜಿಟಲ್ ಜೀವನ ಪ್ರಮಾಣ ಪತ್ರ ಮಾಡುವ ಸೌಲಭ್ಯವಿದೆ ಎಂದು ಅಲ್ಲಿ ಸಾಲಿನಲ್ಲಿದ್ದ ನಿವೃತ್ತ ನೌಕರರೊಬ್ಬರು ತಿಳಿಸಿದರು. ಪಿ.ಪಿ.ಒ. (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಆಧಾರ್, ಪಿಂಚಣಿ ಖಾತೆಯ ಸಂಖ್ಯೆ, ಆಧಾರ್‌ಗೆ ಜೋಡಿಸಿದ ಮೊಬೈಲು ಹಿಡಿದುಕೊಂಡು ಮನೆಯ ಜಗಲಿಯ ಬೆಳಕಿನಲ್ಲಿ ಕೂರಿಸಿ ಮಾಡಿದೆವು. ಮುಂದಿನ ತಿಂಗಳು ಬಾಕಿ ಸೇರಿಸಿ ಹಣ ಬಂತು. ಸದಾ ಅಚ್ಚುಕಟ್ಟಾಗಿ ಮಾಡುತ್ತಿದ್ದ ಲೆಕ್ಕಪತ್ರದ ಕೆಲಸ ತಪ್ಪುವುದು ಸಹ ಆರೋಗ್ಯ ಕೆಡುತ್ತಿರುವುದರ ಗುರುತೇ ಎಂದು ವೈದ್ಯರು ಆಮೇಲೆ ಹೇಳಿದರು.

ನೆನಪಿನ ಪರೀಕ್ಷೆಯನ್ನು ಆಸ್ಪತ್ರೆಯಲ್ಲಿದ್ದಾಗ ಮಾಡಲಿಲ್ಲ. ಕಾಯಿಲೆಯ ನಡುವೆ ಮಾಡಿದರೆ ಅಂಕ ತಪ್ಪು ಚಿತ್ರ ಕೊಡುತ್ತದೆ, ಚೇತರಿಸಿಕೊಂಡ ಮೇಲೆ ಬನ್ನಿ ಎಂದಿದ್ದರು. ಸಂಕ್ರಾಂತಿಯ ಹೊತ್ತಿಗೆ ಹೋದಾಗ 30 ಅಂಕದ ಪ್ರಶ್ನಾವಳಿಯನ್ನು ಕನ್ನಡದಲ್ಲಿಯೇ ಕೇಳಿದರು. ಇಂದು ಯಾವ ವಾರ, ನೂರರಿಂದ ಏಳೇಳು ಕಳೆಯುತ್ತಾ ಹೋಗಿ, ಮೂರು ಪದ ನೆನಪಿಟ್ಟುಕೊಂಡು ಆಮೇಲೆ ಹೇಳಿ, ಗಡಿಯಾರದ ಚಿತ್ರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಮುಳ್ಳಿಡಿ. ದೊಡ್ಡಮ್ಮ ಕಳೆಯುವ ಲೆಕ್ಕವನ್ನು ತಡವರಿಸದೆ ಮಾಡಿದರು, ಮೂರು ಪದಗಳಲ್ಲಿ ಒಂದು ಮರೆತರು. ವಯಸ್ಸಿಗೆ ಮೀರಿದ ಸ್ವಲ್ಪ ಮರೆವು ಇದೆ, ಡಿಮೆನ್ಷಿಯಾ (ಮರೆಗುಳಿ ಕಾಯಿಲೆ) ಎನ್ನುವ ಹಾಗಿಲ್ಲ, ಆರು ತಿಂಗಳಿಗೆ ಮತ್ತೆ ನೋಡೋಣ ಎಂದರು. ಪ್ರಶ್ನೆ ಕೇಳುವಾಗ ಎರಡೆರಡು ಸಲ ಹೇಳಿಸಿಕೊಳ್ಳುತ್ತಿದ್ದುದನ್ನು ಗಮನಿಸಿ ಕಿವಿ ಪರೀಕ್ಷೆಗೆ ಬರೆದರು. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಮಾಡಿಸಿದೆವು. ಮೈಸೂರಿನ ಆಟೋದವರಿಗೆ ‘ಸ್ಪೀಚ್ ಅಂಡ್ ಹಿಯರಿಂಗ್’ ಎಂದರೆ ಸಾಕು, ಬೆಳಿಗ್ಗೆ ಬೇಗ ಹೋಗಿ ಹೆಸರು ನೋಂದಾಯಿಸಿದರೆ ಒಳ್ಳೆಯದು. ಎರಡೂ ಕಿವಿಗಳಲ್ಲಿ ಮಧ್ಯಮ ಮಟ್ಟದ ನಷ್ಟವಿತ್ತು. ಕೇಳಿಸದೇ ಇದ್ದ ಮಾತನ್ನು ಮರೆತದ್ದು ಎಂದು ನಾವೆಲ್ಲ ಎಣಿಸಿದ ಸಂದರ್ಭಗಳು ಎಷ್ಟೋ ಇರಬೇಕು. ಶ್ರವಣ ಸಾಧನ ಹಾಕಿಸಿದ ಮೇಲೆ ಅದಕ್ಕೆ ಒಗ್ಗಿಕೊಳ್ಳಲು ವಾರಗಳು ಬೇಕಾದವು. ಮೊದಮೊದಲು ಪಾತ್ರೆಯ ಸದ್ದಿಗೇ ಬೆಚ್ಚಿ ಕಳಚಿ ಇಡುತ್ತಿದ್ದರು.

ಇನ್ನು ಎಲ್ಲಿರಬೇಕು ಎಂಬ ಪ್ರಶ್ನೆ. ಅಣ್ಣ ಪುಣೆಗೆ ಬಾ ಎಂದ, ನಾನು ಮೈಸೂರಿಗೆ ಬನ್ನಿ ಎಂದೆ. ದೊಡ್ಡಮ್ಮ ಇಬ್ಬರಿಗೂ ಒಪ್ಪಲಿಲ್ಲ, ತಮ್ಮ ಮನೆಯಲ್ಲಿಯೇ ಇರುತ್ತೇನೆ ಎಂದರು. ಮಾತು ಅರ್ಥವಾಗುವ, ತೀರ್ಮಾನ ತೆಗೆದುಕೊಳ್ಳಬಲ್ಲ ವ್ಯಕ್ತಿಯ ಇಷ್ಟವನ್ನು ನಾವು ಮೀರಬಾರದು ಎಂದೇ ನನ್ನ ಅಭಿಪ್ರಾಯ. ಮನೆಯನ್ನೇ ಬದಲಾಯಿಸಿದೆವು. ಓಣಿಯ ಗೋಡೆಗೆ ಆ ಗುರುತಿದ್ದ ಎತ್ತರದಲ್ಲಿಯೇ ಸ್ಟೀಲಿನ ಹಿಡಿಕಂಬಿ, ಬಚ್ಚಲಲ್ಲಿ ಜಾರದ ಚಾಪೆ, ರಾತ್ರಿ ಉರಿಯುವ ಸಣ್ಣ ದೀಪ, ಕುಕ್ಕರಗಾಲಿನ ಪಾಯಿಖಾನೆಯ ಜಾಗದಲ್ಲಿ ಕಮೋಡು. ಮೇಸ್ತ್ರಿ, ಸಾಮಾನು ಎಲ್ಲ ಸೇರಿ 30,000 ರೂಪಾಯಿಯೊಳಗೆ ಮುಗಿಯಿತು. ಬೆಳಿಗ್ಗೆ ಸಂಜೆ ಒಬ್ಬ ಹೆಣ್ಣುಮಗಳು ಬಂದು ಅಡುಗೆಗೆ ಕೈಗೂಡಿಸುತ್ತಾರೆ, ವಾರದ ಮಾತ್ರೆಗಳನ್ನು ದಿನವಾರು ಖಾನೆಗಳ ಡಬ್ಬಿಯಲ್ಲಿ ನಾನೇ ಭಾನುವಾರ ತುಂಬಿಡುತ್ತೇನೆ. ಹಾಸಿಗೆಯಿಂದ ಎದ್ದ ಕೂಡಲೇ ನಡೆಯಬಾರದು, ಕಾಲು ಇಳಿಬಿಟ್ಟು ಸ್ವಲ್ಪ ಕೂತು ಆಮೇಲೆ ಏಳಬೇಕು ಎಂದು ಫಿಸಿಯೋಥೆರಪಿಯವರು ಅಭ್ಯಾಸ ಮಾಡಿಸಿದ್ದಾರೆ. ಹತ್ತಿರದಲ್ಲಿ ಯಾರೂ ಇಲ್ಲದ ಹಿರಿಯರಿಗೆ ನೆರವು, ಮಾಹಿತಿ ಬೇಕಾದರೆ 14567 ಎಂಬ ಉಚಿತ ಹಿರಿಯರ ಸಹಾಯವಾಣಿ ಇದೆ, ಆ ಸಂಖ್ಯೆಯನ್ನು ಪಕ್ಕದ ಮನೆಯಾಕೆಯ ಫೋನಿನಲ್ಲಿಯೂ ಹಾಕಿಕೊಟ್ಟಿದ್ದೇನೆ.

ತೂಕ ಈಗ ನಿಧಾನವಾಗಿ ಏರುತ್ತಿದೆ, ಸೋಡಿಯಂ 136ಕ್ಕೆ ಬಂದು ನಿಂತಿದೆ. ಬಿ12 ಚುಚ್ಚುಮದ್ದು ಮೊದಲು ಪದೇ ಪದೇ ಕೊಟ್ಟು, ಈಗ ತಿಂಗಳಿಗೊಂದಕ್ಕೆ ಇಳಿಸಿದ್ದಾರೆ. ಕಾಲಿನ ಜೋಮು ಪೂರ್ತಿ ಹೋಗಿಲ್ಲ. ಬಹಳ ದಿನ ಕೊರತೆಯಿದ್ದ ನರ ಎಷ್ಟು ಚೇತರಿಸಿಕೊಳ್ಳುತ್ತದೆಂದು ಈಗಲೇ ಹೇಳಲಾಗದು ಎಂದಿದ್ದಾರೆ. ಎರಡೂ ಕಣ್ಣಿನಲ್ಲಿ ಪೊರೆ ಇದೆ, ಯುಗಾದಿ ಕಳೆದ ಮೇಲೆ ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿಸಲು ದಿನ ಗೊತ್ತುಮಾಡಿದ್ದೇವೆ. ಅದಕ್ಕೆ ಹದಿನೈದು ದಿನ ಮೊದಲು ಸಕ್ಕರೆ, ಸೋಡಿಯಂ, ಬಿ.ಪಿ. ಮೂರನ್ನೂ ಮತ್ತೆ ಪರೀಕ್ಷಿಸಿ ವರದಿ ತರಬೇಕು, ಮಾತ್ರೆಗಳ ಹೊಸ ಪಟ್ಟಿಯ ಒಂದು ಪ್ರತಿಯನ್ನು ಕಣ್ಣಿನ ವೈದ್ಯರಿಗೂ ಇನ್ನೊಂದನ್ನು ಮೆಡಿಕಲ್ ಶಾಪಿಗೂ ಕೊಡಬೇಕು.